ಮರಣಶಾಸನವೂ ಧರ್ಮದಾನವೂ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯಕ್ಕೆ ನೆಲವಿತ್ತವರನ್ನೂ ಸಮಾಧಿಭೂಮಿಗೆ ಜಾಗ ಬಿಟ್ಟವರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ದೇವರ ಹೆಸರಿನಲ್ಲಿ ಆಸ್ತಿಯನ್ನು ಉಯಿಲು ಬರೆದಿಡುವ ಸ್ವಾತಂತ್ರ್ಯ ಭಾರತದ ಕ್ರೈಸ್ತರಿಗೆ 2003ರವರೆಗೆ ಪೂರ್ಣವಾಗಿ ಇರಲಿಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇದರ ಬೇರು ಇಂಗ್ಲೆಂಡಿನಲ್ಲಿದೆ. ಧರ್ಮಸಂಸ್ಥೆಗೆ ಸಾವಿಲ್ಲ; ಅದರ ಕೈಸೇರಿದ ಭೂಮಿ ವಾರಸುದಾರನಿಗೆ ಇಳಿಯದು, ಒಡೆಯನಿಗೆ ಸಲ್ಲಬೇಕಾದ ಕಾಣಿಕೆಯೂ ತಪ್ಪುತ್ತದೆ ಎಂದು 1279ರಲ್ಲಿ ಒಂದನೆಯ ಎಡ್ವರ್ಡ್ ರಾಜನು ಇಂಥ ದಾನಗಳಿಗೆ ನಿರ್ಬಂಧ ಹಾಕಿದನು. ಮರಣಶಯ್ಯೆಯಲ್ಲಿರುವವನು ಮನೆಯವರನ್ನು ಮರೆತು ಭೂಮಿಯನ್ನು ದಾನ ಮಾಡಿಯಾನೆಂಬ ಶಂಕೆಯಿಂದ 1736ರ ಶಾಸನವು, ದಾನಪತ್ರ ಸಾವಿಗೆ 12 ತಿಂಗಳು ಮೊದಲೇ ಆಗಿ 6 ತಿಂಗಳೊಳಗೆ ನ್ಯಾಯಾಲಯದಲ್ಲಿ ದಾಖಲಾಗಬೇಕೆಂದು ವಿಧಿಸಿತು.

ಇದೇ ನಿಯಮದ ಛಾಯೆ 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಗೂ, ಅಲ್ಲಿಂದ 1925ರ ಕಾಯಿದೆಯ 118ನೆಯ ಕಲಮಿಗೂ ಬಂದಿತು. ಒಡಹುಟ್ಟಿದವರ ಮಕ್ಕಳಾಗಲಿ ಅವರಿಗಿಂತ ಹತ್ತಿರದ ಬಂಧುಗಳಾಗಲಿ ಇದ್ದವನು ಧರ್ಮಕಾರ್ಯಕ್ಕೆ ಆಸ್ತಿ ಬಿಡುವುದಾದರೆ, ಸಾಯುವುದಕ್ಕೆ ಕನಿಷ್ಠ 12 ತಿಂಗಳು ಮೊದಲು ಉಯಿಲು ಬರೆದು, 6 ತಿಂಗಳೊಳಗೆ ಅದನ್ನು ಕಾನೂನು ಗೊತ್ತುಪಡಿಸಿದ ಸ್ಥಳದಲ್ಲಿ ಇರಿಸಬೇಕಿತ್ತು. ಉಯಿಲು ಬರೆದವನು ಹನ್ನೊಂದನೆಯ ತಿಂಗಳಲ್ಲಿ ತೀರಿಕೊಂಡರೆ, ಅನಾಥಾಲಯಕ್ಕೆಂದು ಬಿಟ್ಟ ತೋಟವೂ ಅದಕ್ಕೆ ದಕ್ಕುತ್ತಿರಲಿಲ್ಲ. ಹಿಂದೂ, ಮುಸ್ಲಿಂ ಬಾಂಧವರಿಗೆ ಈ ಕಲಮು ಅನ್ವಯಿಸುತ್ತಿರಲಿಲ್ಲ. 1991ರ ತಿದ್ದುಪಡಿಯಿಂದ ಪಾರ್ಸಿಗಳೂ ಹೊರಗುಳಿದರು. ಅದರ ಭಾರ ಮುಖ್ಯವಾಗಿ ಕ್ರೈಸ್ತರ ಮೇಲೆಯೇ ಉಳಿಯಿತು.

ಕೇರಳದ ಕಥೋಲಿಕ ಗುರು ಫಾದರ್ ಜಾನ್ ವಲ್ಲಮಟ್ಟಂರವರು ಇದನ್ನು ಪ್ರಶ್ನಿಸಿ 1997ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2003ನೆಯ ಜುಲೈ 21ರಂದು ಮುಖ್ಯ ನ್ಯಾಯಮೂರ್ತಿ ವಿ. ಎನ್. ಖರೆಯವರಿದ್ದ ಮೂವರು ನ್ಯಾಯಾಧೀಶರ ಪೀಠವು, ಆ ಕಲಮು ಸಂವಿಧಾನದ 14ನೆಯ ವಿಧಿಯ ಸಮಾನತೆಗೆ ವಿರುದ್ಧವೆಂದು ಅದನ್ನು ರದ್ದುಮಾಡಿತು. ಇಂಗ್ಲೆಂಡು ತಾನೇ 1960ರಲ್ಲಿ ಅಂಥ ಶಾಸನಗಳನ್ನು ತೊಡೆದುಹಾಕಿತ್ತು.

ಕಟ್ಟು ಕಳಚಿತು, ನಿಜ. ಆದರೆ ಹಳೆಯ ಕಾನೂನಿನ ಹಿಂದಿದ್ದ ಭಯ ಪೂರ್ತಿ ನಿರಾಧಾರವೇ? ದೇವರಿಗೆ ಮುಡಿಪೆಂದು ಹೇಳಿ ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ತಪ್ಪಿಸುತ್ತಿದ್ದವರನ್ನು ಪ್ರಭು ಯೇಸುವೇ ಖಂಡಿಸಿದ್ದಾರೆ. ಐದನೆಯ ಶತಮಾನದಲ್ಲಿ ಸಂತ ಆಗಸ್ಟೀನರು, ಮಗನ ಹಕ್ಕು ಕಳೆದು ಧರ್ಮಸಭೆಯನ್ನು ವಾರಸುದಾರಳನ್ನಾಗಿ ಮಾಡಬಯಸುವವನು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ, ತಾವು ಸ್ವೀಕರಿಸೆವೆಂದು ಸಾರಿದರು. ಕಾರ್ತೇಜಿನ ಬಿಷಪ್ ಔರೇಲಿಯಸರನ್ನು ಅವರು ಹೊಗಳಿದ್ದೂ ಇದಕ್ಕಾಗಿಯೇ: ಮಕ್ಕಳಿಲ್ಲದವನೊಬ್ಬನು ತನ್ನ ಸರ್ವಸ್ವವನ್ನೂ ಧರ್ಮಸಭೆಗೆ ಕೊಟ್ಟಿದ್ದನು. ಮುಂದೆ ಅವನಿಗೆ ಮಕ್ಕಳಾದಾಗ, ಕೇಳದೆಯೇ ಬಿಷಪರು ಎಲ್ಲವನ್ನೂ ಹಿಂದಿರುಗಿಸಿದರು.

ಆದುದರಿಂದ, ಪ್ರಿಯ ವಿಶ್ವಾಸಿಗಳೇ, ಶವಪೆಟ್ಟಿಗೆ ಅಂಗಳದಲ್ಲಿರುವಾಗಲೇ ಪಾಲಿನ ಜಗಳ ಹುಟ್ಟದಿರಬೇಕಾದರೆ ಆರೋಗ್ಯವಿರುವಾಗಲೇ ಮರಣಶಾಸನ ಬರೆದಿಡುವುದು ಲೇಸು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ನಮ್ಮ ಮಟ್ಟಿಗೆ, ಸಾಕ್ಷಿ ಹಾಕಿದವರಿಗಾಗಲಿ ಅವರ ಪತಿ ಪತ್ನಿಯರಿಗಾಗಲಿ ಅದೇ ಉಯಿಲಿನಲ್ಲಿ ಬಿಟ್ಟ ಆಸ್ತಿ ದಕ್ಕದು. ಉಯಿಲಿಲ್ಲದೆ ಮಡಿದವನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ. ಉಳಿದುದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಮದುವೆಯಾಗಿ ಹೋದ ಮಗಳೂ ಮಗಳೇ. ಮೃತನ ಗೌರವಕ್ಕೆ ತಕ್ಕ ಉತ್ತರಕ್ರಿಯೆಯ ಖರ್ಚನ್ನು ಅವನ ಸಾಲಗಳಿಗಿಂತ ಮೊದಲು ಅವನ ಆಸ್ತಿಯಿಂದಲೇ ಸಲ್ಲಿಸಬೇಕೆಂದೂ ಕಾನೂನು ಹೇಳುತ್ತದೆ.

ಧರ್ಮಕಾರ್ಯಕ್ಕಾಗಿ ವಿಶ್ವಾಸಿಗಳು ಬಿಟ್ಟುಹೋದ ಇಚ್ಛೆಯನ್ನು ಅತ್ಯಂತ ಶ್ರದ್ಧೆಯಿಂದ ನೆರವೇರಿಸಬೇಕೆಂದು 1983ರ ಧರ್ಮಸಭಾ ಸಂಹಿತೆ ನಮ್ಮಂಥ ಗುರುಗಳಿಗೂ ಆಜ್ಞಾಪಿಸಿದೆ. ಮನೆಯವರಿಗೆ ನ್ಯಾಯ ಸಲ್ಲಿಸಿದ ಮೇಲೆ ಕೊಡುವ ದಾನ ಚಿಕ್ಕದಾದರೂ ದೇವರಿಗೆ ಪ್ರಿಯ. ಅಂಥ ದಾನದಿಂದ ಎದ್ದ ಗೋಡೆಗಳ ನಡುವೆ ಮುಂದಿನ ನೂರು ವರ್ಷಗಳ ಪ್ರಾರ್ಥನೆ ಸಲ್ಲಲೆಂದು ಹರಸುತ್ತೇವೆ.