ಹಿಟ್ಟು, ಸುಡು, ಹಂಚು: ಜರ್ಮನ್–ಇಂಗ್ಲಿಷ್ ಪಾಕಪದಗಳ ಅನುವಾದಚರಿತ್ರೆ ಮತ್ತು ಕನ್ನಡ ನಿಘಂಟು

1. ಪ್ರಸ್ತಾವನೆ

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದ ಸುತ್ತಿನ ಹಳ್ಳಿಗಳಲ್ಲಿ ‘ಹಿಟ್ಟು’ ಎಂದರೆ ಬೀಸಿದ ಪುಡಿ ಮಾತ್ರವಲ್ಲ, ತಟ್ಟೆಗೆ ಬಂದ ರಾಗಿಮುದ್ದೆಯೂ ಹೌದು. ‘ಹಿಟ್ಟು ಉಂಡೆ’ ಎಂಬ ಮಾತನ್ನು ಇಂಗ್ಲಿಷಿನ ‘ಫ್ಲೌರ್’ ಪದದ ಮೂಲಕ ಗ್ರಹಿಸಿದರೆ ಪುಡಿ ಮುಕ್ಕಿದವನ ಚಿತ್ರ ಮೂಡುತ್ತದೆ. ಕನ್ನಡದ ಬೃಹತ್ ದ್ವಿಭಾಷಾ ನಿಘಂಟೊಂದನ್ನು ರಚಿಸಿದ ರೆವರೆಂಡ್ ಫರ್ಡಿನೆಂಡ್ ಕಿಟೆಲ್ (1832–1903) ಹುಟ್ಟಿನಿಂದ ಜರ್ಮನ್ ಭಾಷಿಕರು. ಅವರು ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ. ಪಾಕಪದಗಳ ವಿಷಯದಲ್ಲಿ ಜರ್ಮನ್, ಇಂಗ್ಲಿಷ್, ಕನ್ನಡ ಮೂರೂ ಲೋಕವನ್ನು ಬೇರೆಬೇರೆಯಾಗಿ ವಿಭಜಿಸುತ್ತವೆ. ಈ ವಿಭಜನೆಗಳ ಚರಿತ್ರೆಯನ್ನು ಗಮನಿಸದೆ ಇಂಗ್ಲಿಷ್ ಸಮಾನಪದವನ್ನೇ ಅರ್ಥವೆಂದು ಸ್ವೀಕರಿಸುವುದು ಇಂದಿನ ಉಪಭಾಷಾ ಸಂಗ್ರಹಕ್ಕೂ ಅಪಾಯಕರವೆಂಬುದು ನಮ್ಮ ವಾದ.

2. ಜರ್ಮನ್ ಪದಗಳು ಇಂಗ್ಲಿಷಿಗೆ ಬಂದ ಮೂರು ದಾರಿ

ಮೊದಲನೆಯದು ನೇರ ಸ್ವೀಕರಣ. ‘ಪಂಪರ್‌ನಿಕಲ್’, ‘ಪ್ರೆಟ್ಸೆಲ್’, ‘ಸ್ಟ್ರೂಡೆಲ್’ ಪದಗಳು ವಸ್ತುವಿನೊಡನೆಯೇ ಬಂದವು. ಇಲ್ಲಿ ಅನುವಾದದ ಪ್ರಶ್ನೆಯೇ ಏಳಲಿಲ್ಲ.

ಎರಡನೆಯದು ರಚನಾನುವಾದ. ಜರ್ಮನಿನ ‘ಟ್ಸ್ವೀಬಾಕ್’ ಪದವು ಇಟಾಲಿಯನ್ನಿನ ‘ಬಿಸ್ಕೊತ್ತೊ’ ಪದದ ಪಡಿಯಚ್ಚು. ಎರಡಕ್ಕೂ ‘ಎರಡು ಸಲ ಬೇಯಿಸಿದ್ದು’ ಎಂಬುದೇ ಅರ್ಥ. ಇದೇ ಮೂಲದ ‘ಬಿಸ್ಕಿಟ್’ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತ್ತು. ಮುಂದೆ ‘ಟ್ಸ್ವೀಬಾಕ್’ ಕೂಡ ಅಮೆರಿಕದ ಇಂಗ್ಲಿಷಿಗೆ ಬಂದು, ನಾವು ರಸ್ಕು ಎನ್ನುವ ತಿನಿಸಿನ ಹೆಸರಾಯಿತು. ಹೀಗೆ ಒಂದೇ ಅರ್ಥರಚನೆ ಎರಡು ದಾರಿಯಲ್ಲಿ ಬಂದು ಎರಡು ಬೇರೆ ತಿನಿಸುಗಳನ್ನು ಸೂಚಿಸಿತು.

ಮೂರನೆಯದು ಜ್ಞಾತಿಪದಗಳ ಮರೀಚಿಕೆ. ಅನುವಾದಕರು ಹೆಚ್ಚಾಗಿ ಎಡವುವುದು ಇಲ್ಲಿ. ಜರ್ಮನಿನ ‘ಬಾಕನ್’ ಮತ್ತು ಇಂಗ್ಲಿಷಿನ ‘ಬೇಕ್’ ಒಂದೇ ಮೂಲದವು. ಆದರೆ ಜರ್ಮನ್ ಕ್ರಿಯಾಪದವು ಕಾದ ಕೊಬ್ಬಿನಲ್ಲಿ ಕರಿಯುವುದನ್ನೂ ಒಳಗೊಳ್ಳುತ್ತದೆ. ‘ಟೈಗ್’ ಮತ್ತು ‘ಡೋ’ ಜ್ಞಾತಿಗಳು. ಆದರೆ ಜರ್ಮನ್ನರಿಗೆ ಗಟ್ಟಿಯಾಗಿ ನಾದಿದ್ದೂ ತೆಳ್ಳಗೆ ಕಲಸಿದ್ದೂ ‘ಟೈಗ್’ ಆದರೆ, ಇಂಗ್ಲಿಷ್ ಎರಡನೆಯದಕ್ಕೆ ಫ್ರೆಂಚ್ ಮೂಲದ ‘ಬ್ಯಾಟರ್’ ಪದವನ್ನು ಬೇರೆಯಾಗಿ ಇಟ್ಟುಕೊಂಡಿದೆ. ‘ಬ್ರೋಟ್’ ಪದಾರ್ಥವೂ ಹೌದು, ಇಡೀ ಒಂದು ಉಂಡೆಯೂ ಹೌದು. ಇಂಗ್ಲಿಷಿನಲ್ಲಿ ಇವು ‘ಬ್ರೆಡ್’ ಮತ್ತು ‘ಲೋಫ್’ ಎಂದು ಕವಲಾಗಿವೆ. ಜರ್ಮನಿನಿಂದ ಇಂಗ್ಲಿಷಿಗೆ ಪಾಕವಿಧಾನವನ್ನು ತರುವವರು ಪ್ರತಿ ಸಲವೂ ಮೂಲದಲ್ಲಿ ಹೇಳದ ಒಂದು ಆಯ್ಕೆಯನ್ನು ಮಾಡಲೇಬೇಕು.

3. ನಿಘಂಟಿನ ಸಂದರ್ಭ

1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸಮಾಡಿದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇದೇ ಮಿಷನ್ನಿನ ಗುಂಡರ್ಟರ ಮಲಯಾಳಂ ನಿಘಂಟು (1872), ಮ್ಯಾನರರ ತುಳು ನಿಘಂಟು (1886) ಕೂಡ ಅರ್ಥ ಕೊಟ್ಟದ್ದು ಇಂಗ್ಲಿಷಿನಲ್ಲೇ. ಆಡಳಿತ ಮತ್ತು ಶಿಕ್ಷಣದ ಭಾಷೆ ಅದಾಗಿದ್ದರಿಂದ ನಿಘಂಟುಕಾರರ ತಾಯ್ನುಡಿ ತೆರೆಯ ಹಿಂದೆ ಉಳಿಯಿತು. ಇಲ್ಲಿ ನಮ್ಮ ಗಮನ ಒಂದೊಂದು ಅರ್ಥವಿವರಣೆಯ ಸರಿತಪ್ಪಿನ ಮೇಲಲ್ಲ. ಇಂಥ ತ್ರಿಭಾಷಾ ಸನ್ನಿವೇಶದಲ್ಲಿ ಅರ್ಥ ಬರೆಯುವ ಕೆಲಸವೇ ಎಂಥದು ಎಂಬುದರ ಮೇಲೆ.

4. ಮೂರು ಪದಗಳು

ಹಿಟ್ಟು: ಹಳಗನ್ನಡದ ‘ಪಿಟ್ಟು’ ಪಕಾರವು ಹಕಾರವಾಗಿ ‘ಹಿಟ್ಟು’ ಆಯಿತು. ರಾಗಿಹಿಟ್ಟಿನಲ್ಲಿ ಅದು ಪುಡಿ, ದೋಸೆಹಿಟ್ಟಿನಲ್ಲಿ ರುಬ್ಬಿದ ದ್ರವ, ಚಪಾತಿಹಿಟ್ಟು ನಾದುವಾಗ ಮುದ್ದೆ, ಮೈಸೂರು ಸೀಮೆಯಲ್ಲಿ ಊಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯಲ್ಲಿ ಅದು ಅನ್ನಕ್ಕೇ ಪರ್ಯಾಯ. ಈ ವಿಷಯದಲ್ಲಿ ಕನ್ನಡವು ಇಂಗ್ಲಿಷಿಗಿಂತ ಜರ್ಮನಿಗೆ ಹತ್ತಿರ. ‘ಟೈಗ್’ನಂತೆ ಅದೂ ಗಟ್ಟಿ–ತೆಳುಗಳ ಭೇದವೆಣಿಸದು. ಭೇದ ಬೇಕಾದಾಗ ಹೋಳಿಗೆಗೆ ‘ಕಣಕ’ದಂಥ ಪದಗಳಿವೆ, ಆದರೆ ಅವು ಒಂದೊಂದು ತಿನಿಸಿಗೆ ಅಂಟಿಕೊಂಡವು.

ಸುಡು: ಹಪ್ಪಳ, ಬದನೆಕಾಯಿ, ಇಟ್ಟಿಗೆ, ಹೆಣ ಎಲ್ಲಕ್ಕೂ ಇದೇ ಕ್ರಿಯಾಪದ. ಕನ್ನಡ ಅಡುಗೆಯ ಕ್ರಿಯಾಪದಗಳು ಶಾಖದ ಮಾಧ್ಯಮವನ್ನು ಹಿಡಿದು ಹೊರಡುತ್ತವೆ: ನೇರ ಬೆಂಕಿಗೆ ಸುಡು, ಎಣ್ಣೆಗೆ ಕರಿ, ಒಣ ಬಾಣಲೆಗೆ ಹುರಿ, ನೀರಿಗೂ ಹಬೆಗೂ ಬೇಯಿಸು. ಮುಚ್ಚಿದ ಒಲೆಯ ಒಣಶಾಖಕ್ಕೆ ಪ್ರತ್ಯೇಕ ಪದವಿಲ್ಲ. ಅಂಥ ಒಲೆ ನಮ್ಮ ಮನೆಗಳಲ್ಲಿ ಇರಲಿಲ್ಲ. ಆದ್ದರಿಂದ ‘ಬೇಕ್’ ಪದಕ್ಕೆ ‘ಬೇಯಿಸು’ ಎಂದರೂ ‘ಸುಡು’ ಎಂದರೂ ಅರ್ಧವೇ. ಜರ್ಮನಿನಲ್ಲಿ ಇಟ್ಟಿಗೆಯ ಒಂದು ಹೆಸರು ‘ಬಾಕ್‌ಸ್ಟೈನ್’, ಅಕ್ಷರಶಃ ‘ಬೇಯಿಸಿದ ಕಲ್ಲು’. ರೊಟ್ಟಿಯ ಕ್ರಿಯಾಪದ ಇಟ್ಟಿಗೆಗೂ ಸಲ್ಲುವುದು ಎರಡೂ ಭಾಷೆಗಳಲ್ಲಿ ಸಹಜ.

ಹಂಚು: ಧಾರವಾಡ ಸೀಮೆಯಲ್ಲಿ ಹಂಚಿನ ಮೇಲೆ ರೊಟ್ಟಿ ಬೇಯುತ್ತದೆ, ಮಂಗಳೂರಿನಲ್ಲಿ ಹಂಚಿನ ಕೆಳಗೆ ಜನ ವಾಸಿಸುತ್ತಾರೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದದ್ದೂ ಬಾಸೆಲ್ ಮಿಷನ್ನೇ. ಕಿಟೆಲ್ ಎರಡೂ ಊರುಗಳಲ್ಲಿ ಇದ್ದವರು. ಸುಟ್ಟ ಮಣ್ಣಿನ ಬಿಲ್ಲೆ ಎಂಬ ಒಂದೇ ಬೀಜಾರ್ಥವನ್ನು ಇಂಗ್ಲಿಷ್ ವಿವರಣೆ ಅಡುಗೆಮನೆಗೊಂದು, ಸೂರಿಗೊಂದು ಪದವಾಗಿ ಒಡೆಯಲೇಬೇಕಾಯಿತು.

ಹೋಲಿಕೆಯನ್ನು ಪ್ರಭಾವವೆಂದು ಭ್ರಮಿಸದಿರಲು ಒಂದು ಎಚ್ಚರಿಕೆ. ಲೂಥರರ ಬೈಬಲಿನ ‘ಜಾವರ್‌ಟೈಗ್’ ಮತ್ತು ಕನ್ನಡ ಬೈಬಲಿನ ‘ಹುಳಿಹಿಟ್ಟು’ ಎರಡೂ ರುಚಿಯನ್ನು ಹಿಡಿದು ಹೆಸರಿಸುತ್ತವೆ. ಇಂಗ್ಲಿಷಿನ ‘ಲೆವನ್’ ಮೂಲತಃ ಉಬ್ಬುವಿಕೆಯನ್ನು. ಇದು ಜರ್ಮನ್ ಮಿಷನರಿಗಳ ಗುರುತೆಂದು ತೋರಬಹುದು. ಆದರೆ ಅವರಿಗಿಂತ ಮೊದಲೇ ಬಳ್ಳಾರಿಯ ಲಂಡನ್ ಮಿಷನ್ನಿನವರು ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದ್ದರು. ಹಿಟ್ಟು ಹುಳಿ ಬರುವುದು ದೋಸೆ ಮಾಡುವ ಮನೆಗೆ ತಾನಾಗಿ ತಿಳಿದ ಸಂಗತಿ. ಪದ ಹೊಳೆಯಲು ಜರ್ಮನ್ ಬೇಕಿರಲಿಲ್ಲ.

5. ಉಪಸಂಹಾರ

ಪಾಕಪದದ ಅರ್ಥವಿವರಣೆಯು ಸಮಾನಪದದಲ್ಲಿ ಮುಗಿಯದೆ ಪದಾರ್ಥದ ಹದ, ಶಾಖದ ಮಾಧ್ಯಮ, ಪಾತ್ರೆ, ಬಳಕೆಯ ಸೀಮೆ ಈ ನಾಲ್ಕನ್ನೂ ದಾಖಲಿಸಬೇಕೆಂದು ನಾವು ಸೂಚಿಸುತ್ತೇವೆ. ಇದು ಹಳೆಯ ನಿಘಂಟಿನ ತಿದ್ದುಪಡಿಗಷ್ಟೇ ಸಂಬಂಧಿಸಿದ ಮಾತಲ್ಲ. ಇಂದಿಗೂ ಕ್ಷೇತ್ರಕಾರ್ಯದ ಪ್ರಶ್ನಾವಳಿಗಳು ಸಾಮಾನ್ಯವಾಗಿ ಇಂಗ್ಲಿಷ್ ಪದಪಟ್ಟಿಯಿಂದ ಹೊರಡುತ್ತವೆ. ‘ಫ್ಲೌರ್’ಗೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದ ಸಂಶೋಧಕರಿಗೆ ಚಿಕ್ಕಯ್ಯನಛತ್ರದಲ್ಲಿ ‘ಹಿಟ್ಟು’ ಎಂಬ ಉತ್ತರವೇ ದೊರಕುತ್ತದೆ. ಅವರು ಸರಿಯಾಗಿಯೇ ಬರೆದುಕೊಳ್ಳುತ್ತಾರೆ. ಮುದ್ದೆ ಮಾತ್ರ ಪಟ್ಟಿಯ ಹೊರಗುಳಿಯುತ್ತದೆ. ಮುದ್ದೆಯ ಮನೆಗಳಲ್ಲೂ ಆ ಪದ ತೆರವಾಗುವ ಮುನ್ನ ಪ್ರಶ್ನೆಯನ್ನು ಒಲೆಯ ಬಳಿಯಿಂದ ಆರಂಭಿಸುವುದು ಒಳಿತು.