ದಾಖಲಾತಿ ಪುಸ್ತಕದ ಜಾತಿ, ದೂರು ಅರ್ಜಿಯ ಜಾತಿ

ಸ್ಕಾಲರ್‌ಶಿಪ್ ಫಾರಂ ಬಂದ ದಿನ ನಮ್ಮ ಮೇಷ್ಟ್ರು ತರಗತಿಯ ಬಾಗಿಲಲ್ಲೇ ನಿಂತು, "ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಂತ್ಕಳಿ" ಅನ್ನೋರು. ನಾವು ನಿಲ್ಲುತ್ತಿದ್ದೆವು. ಅವರು ದಾಖಲಾತಿ ಪುಸ್ತಕ ತೆಗೆದು ಹೆಸರಿನ ಮುಂದಿನ ಕಾಲಂ ಮೇಲೆ ಬೆರಳಾಡಿಸಿ, ನಿಂತ ಮಕ್ಕಳನ್ನೂ ಪುಸ್ತಕದ ಅಕ್ಷರವನ್ನೂ ತಾಳೆ ಹಾಕುತ್ತಿದ್ದರು. ಹೆಸರಲ್ಲೇ ಅಗ್ರಹಾರ ಇರುವ ಊರಿನ ಕೇರಿಯಿಂದ ಬಂದವಳು ನಾನು. ಹೊಸ ಅಗ್ರಹಾರ ಅಂದ ತಕ್ಷಣ ಮೈಸೂರಿನ ಕೆಲವರು ನನ್ನನ್ನು ಬೇರೆಯೇ ಜಾತಿಯವಳೆಂದು ಎಣಿಸಿ ಒಂದೆರಡು ನಿಮಿಷ ಬಲು ಆತ್ಮೀಯವಾಗಿ ಮಾತಾಡಿದ್ದೂ ಉಂಟು. ಅದಿರಲಿ. ನಮ್ಮ ಶಾಲೆ, ಕಾಲೇಜು, ಹಾಸ್ಟೆಲುಗಳು ನಮ್ಮ ಜಾತಿಯನ್ನು ಎಷ್ಟು ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿವೆ ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. ದಾಖಲಾತಿ ಪುಸ್ತಕ, ವಿದ್ಯಾರ್ಥಿವೇತನದ ಕಡತ, ಶುಲ್ಕ ವಿನಾಯಿತಿಯ ಪಟ್ಟಿ, ಹಾಸ್ಟೆಲಿನ ರಿಜಿಸ್ಟರು, ಕೊನೆಗೆ ಟಿ.ಸಿ. ಇಷ್ಟೆಲ್ಲ ಕಡೆ ಇರುವ ಜಾತಿ ಒಂದೇ ಒಂದು ಕಾಗದದಿಂದ ಮಾಯವಾಗುತ್ತದೆ. ಅದು, ಅದೇ ಸಂಸ್ಥೆಯ ಅಧ್ಯಾಪಕನ ಮೇಲೆ ಹೆಣ್ಣುಮಗಳೊಬ್ಬಳು ಕೊಡುವ ಲೈಂಗಿಕ ಕಿರುಕುಳದ ದೂರು.

ನಾನು ಪಾಠ ಮಾಡಿದ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಅಂಥ ದೂರು ಹಿಡಿದು ಸ್ಟಾಫ್ ರೂಮಿನ ಹೊರಗೆ ನನಗಾಗಿ ಕಾದಿದ್ದಳು. ಒಂದು ಪುಟ. ಅಂತರಿಕ ಅಂಕದ ಹೆಸರಲ್ಲಿ ಕರೆದದ್ದು, ಆಡಿದ ಮಾತು, ಮುಟ್ಟಿದ್ದು, ಆಮೇಲೆ ಬಂದ ಮೆಸೇಜು. ಆ ಅಧ್ಯಾಪಕ ಆಡಿದ ಮಾತಿನಲ್ಲಿ ಅವಳ ಕೇರಿಯ ಪ್ರಸ್ತಾಪ ಇತ್ತು. ಬಾಯಲ್ಲಿ ಹೇಳಿದಳು, ಬರೆದಿರಲಿಲ್ಲ. ಯಾಕಮ್ಮ ಬಿಟ್ಟೆ ಅಂದೆ. "ಅದ್ನ ಬರದ್ರೆ ಜಾತಿ ತಂದ್ಳು ಅಂತಾರೆ ಮಿಸ್," ಅಂದಳು. ಹತ್ತೊಂಬತ್ತು ವರ್ಷದ ಹುಡುಗಿಗೆ ಇಷ್ಟು ಗೊತ್ತಿತ್ತು. ಹಾಗೆ ಬಿಡುವುದರಿಂದ ಕಾನೂನಿನ ಲೆಕ್ಕದಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಅವತ್ತು ನನಗೂ ಪೂರ್ತಿ ಗೊತ್ತಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಈ ಲೇಖನ ಆಮೇಲೆ ನಾನು ಓದಿಕೊಂಡದ್ದರ ಚರಿತ್ರೆ.

ಈ ಚರಿತ್ರೆ ವಿಶ್ವವಿದ್ಯಾನಿಲಯದಲ್ಲಿ ಶುರುವಾಗುವುದಿಲ್ಲ. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಶುರುವಾಗುತ್ತದೆ. 1972ರ ಮಾರ್ಚಿನಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಠಾಣೆಯೊಳಗೇ ಅತ್ಯಾಚಾರ ನಡೆಯಿತೆಂಬ ದೂರು ಅದು. ಸೆಷನ್ಸ್ ಕೋರ್ಟು ಪೊಲೀಸರನ್ನು ಬಿಟ್ಟಿತು, ಬಾಂಬೆ ಹೈಕೋರ್ಟು ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಹೋರಾಡಿದ ಗುರುತಿಲ್ಲ ಎಂಬುದು ವಾದ. ಠಾಣೆಯೊಳಗೆ, ಇಬ್ಬರು ಪೊಲೀಸರ ಎದುರು, ಒಬ್ಬ ಆದಿವಾಸಿ ಹುಡುಗಿ ಹೇಗೆ ಹೋರಾಡಬೇಕಿತ್ತು ಎಂಬುದನ್ನು ತೀರ್ಪು ಕೇಳಿಕೊಳ್ಳಲಿಲ್ಲ. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ದೇಶದ ಹಲವು ಕಡೆ ಹೆಂಗಸರು ಬೀದಿಗಿಳಿದರು. 1983ರ ತಿದ್ದುಪಡಿ ಬಂದದ್ದು ಈ ಒತ್ತಡದಿಂದ.

ಆ ತಿದ್ದುಪಡಿಯ ಪಟ್ಟಿಯನ್ನು ನಮ್ಮಂಥ ಅಧ್ಯಾಪಕರು ಒಮ್ಮೆ ಗಮನವಿಟ್ಟು ಓದಬೇಕು. ಅಧಿಕಾರದ ಬಲದಿಂದ ಹೆಣ್ಣನ್ನು ಹಿಡಿತದಲ್ಲಿ ಇಟ್ಟುಕೊಂಡವರು ಯಾರು ಯಾರು? ಪೊಲೀಸರು, ಸರ್ಕಾರಿ ನೌಕರರು, ಜೈಲು ಮತ್ತು ರಿಮ್ಯಾಂಡ್ ಹೋಮುಗಳ ಅಧಿಕಾರಿಗಳು, ಹೆಂಗಸರ ಮಕ್ಕಳ ಆಶ್ರಯಧಾಮ ನಡೆಸುವವರು, ಆಸ್ಪತ್ರೆಯವರು. ಮೇಷ್ಟ್ರು ಇಲ್ಲ. ಅತ್ಯಾಚಾರದ ಕಲಮಿನಲ್ಲಿ 'ಶಿಕ್ಷಕ' ಎಂಬ ಪದ ನೇರವಾಗಿ ಸೇರಿದ್ದು 2013ರಲ್ಲಿ, ದೆಹಲಿಯ ಘಟನೆಯ ನಂತರ. ಅದರ ಹಿಂದಿನ ವರ್ಷದ ಪೋಕ್ಸೋ ಕಾಯ್ದೆ ಶಾಲೆಯ ಆಡಳಿತ ಮಂಡಳಿಯವರನ್ನೂ ಸಿಬ್ಬಂದಿಯನ್ನೂ, ಧಾರ್ಮಿಕ ಸಂಸ್ಥೆಯವರನ್ನೂ ಹೆಸರಿಸಿತ್ತು. ಪೊಲೀಸನಿಂದ ಮೇಷ್ಟ್ರ ತನಕ ಬರಲು ಈ ದೇಶದ ಕಾನೂನಿಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಗುರುವಿನ ಮೇಲಿನ ನಮ್ಮ ಭಕ್ತಿ ಅಷ್ಟು ಗಟ್ಟಿ.

ಇನ್ನೊಂದು ದಾರಿ ರಾಜಸ್ಥಾನದ ಭಟೇರಿಯಿಂದ ಬಂತು. ಕುಂಬಾರ ಜಾತಿಯ ಭಂವರಿ ದೇವಿ ಸರ್ಕಾರದ ಕಾರ್ಯಕ್ರಮದ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಮೇಲ್ಜಾತಿಯ ಗಂಡಸರು ಸಾಮೂಹಿಕ ಅತ್ಯಾಚಾರ ನಡೆಸಿದರೆಂದು ದೂರು ಕೊಟ್ಟರು. 1995ರಲ್ಲಿ ಜೈಪುರದ ಕೋರ್ಟು ಆರೋಪಿಗಳನ್ನು ಆ ಆರೋಪದಿಂದ ಬಿಟ್ಟಿತು. ಸಿಟ್ಟಿಗೆದ್ದ ಮಹಿಳಾ ಸಂಘಟನೆಗಳು ಅದಕ್ಕೂ ಮುಂಚೆ, 1992ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವು, 1997ರಲ್ಲಿ ವಿಶಾಖಾ ತೀರ್ಪು ಬಂತು. ಅದರಿಂದ 2013ರ ಕಾಯ್ದೆ, ಆ ಕಾಯ್ದೆಯಿಂದ ಇವತ್ತು ಪ್ರತಿ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಇರಬೇಕಾದ ಆಂತರಿಕ ದೂರು ಸಮಿತಿಯ ಪಟ್ಟಿ. ಆದರೆ ಜಾತಿಯ ಜಗಳದೊಳಗೆ ಹುಟ್ಟಿದ ಈ ಕಾನೂನು 'ಕೆಲಸದ ಸ್ಥಳ' ಎಂಬ ಭಾಷೆಗೆ ಬರುವಷ್ಟರಲ್ಲಿ ಜಾತಿಯನ್ನು ಭಟೇರಿಯಲ್ಲೇ ಬಿಟ್ಟು ಬಂದಿತ್ತು. ಯುಜಿಸಿಯ 2015ರ ನಿಯಮಾವಳಿ ಮಾತ್ರ ಪ್ರದೇಶ, ವರ್ಗ, ಜಾತಿಗಳಿಂದ ಹೆಣ್ಣಿನ ಅಸಹಾಯಕತೆ ಇಮ್ಮಡಿಸುತ್ತದೆ, ಸಮಿತಿಗೆ ಆ ಎಚ್ಚರ ಇರಬೇಕು ಎನ್ನುತ್ತದೆ. ನಮ್ಮಲ್ಲಿ ಎಷ್ಟು ಸಮಿತಿಗಳು ಆ ಪುಟದ ತನಕ ಓದಿವೆಯೋ!

ಇಷ್ಟರ ನಡುವೆ ನಾವು ಮರೆತದ್ದು ನಮ್ಮದೇ ಕಾನೂನನ್ನು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮೊದಲಿಂದಲೂ ಒಂದು ಕಲಮು ಇತ್ತು. ಪರಿಶಿಷ್ಟ ಹೆಣ್ಣಿನ ಇಚ್ಛೆಯ ಮೇಲೆ ಹತೋಟಿ ನಡೆಸಬಲ್ಲ ಸ್ಥಾನದಲ್ಲಿದ್ದು, ಆ ಸ್ಥಾನ ಬಳಸಿ, ಇಲ್ಲದಿದ್ದರೆ ಆಕೆ ಒಪ್ಪದಿದ್ದ ಲೈಂಗಿಕ ಶೋಷಣೆ ನಡೆಸುವುದು ಅಪರಾಧ. ಅಂಕ ಹಾಕುವ ಕೈ, ಹಾಸ್ಟೆಲಿನ ಬೀಗದ ಕೈ ಹಿಡಿದವರಿಗೆ ಇದಕ್ಕಿಂತ ಸರಿಯಾದ ವಿವರಣೆ ಬೇಕೆ? ಭೂಮಾಲೀಕನನ್ನು ನೆನೆದು ನಾವು ಈ ಕಲಮನ್ನು ಓದಿದೆವು. ಲೆಕ್ಚರರನ್ನು ನೆನೆದು ಓದಲಿಲ್ಲ. 2015ರ ತಿದ್ದುಪಡಿ ಇನ್ನೂ ಬಿಡಿಸಿ ಹೇಳಿತು. ಪರಿಶಿಷ್ಟಳೆಂದು ತಿಳಿದೂ ಒಪ್ಪಿಗೆಯಿಲ್ಲದೆ ಲೈಂಗಿಕವಾಗಿ ಮುಟ್ಟುವುದು, ಆ ಬಗೆಯ ಮಾತು, ಸನ್ನೆ, ಎಲ್ಲವೂ ಅದರೊಳಗೆ ಬಂದವು.

ಇಲ್ಲಿ 'ತಿಳಿದು' ಎಂಬ ಪದ ಮುಖ್ಯ. ಅತ್ಯಾಚಾರದಂಥ ಭಾರಿ ಅಪರಾಧಗಳಿಗೆ ಅನ್ವಯಿಸುವ ಕಲಮಿನಲ್ಲಿ ಮೊದಲು 'ಆ ಜಾತಿಯವಳು ಎಂಬ ಕಾರಣಕ್ಕೆ' ಎಂದಿತ್ತು. ಯಾವ ಅಪರಾಧಿ ತಾನು ಜಾತಿಯ ಕಾರಣಕ್ಕೆ ಮಾಡಿದೆ ಎಂದು ಸಾಕ್ಷಿ ಬಿಟ್ಟುಹೋಗುತ್ತಾನೆ? 2021ರಲ್ಲಿ ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಣ್ಣು ಕಾಣದ ಪರಿಶಿಷ್ಟ ಜಾತಿಯ ಹೆಣ್ಣುಮಗಳ ಮೇಲಿನ ಅತ್ಯಾಚಾರಕ್ಕೆ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಜಾತಿ, ಲಿಂಗ, ಅಂಗವೈಕಲ್ಯ ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ದೀರ್ಘವಾಗಿ ಬರೆಯಿತು. ಆದರೂ ದೌರ್ಜನ್ಯ ಕಾಯ್ದೆಯ ಶಿಕ್ಷೆಯನ್ನು ರದ್ದು ಮಾಡಬೇಕಾಯಿತು. ಘಟನೆ ತಿದ್ದುಪಡಿಗಿಂತ ಹಿಂದಿನದು, ಜಾತಿಯ ಕಾರಣಕ್ಕೆಂದು ತೋರಿಸುವ ಸಾಕ್ಷ್ಯ ಕಡತದಲ್ಲಿ ಇರಲಿಲ್ಲ. ಈಗಿನ ಕಾನೂನಿಗೆ ಆ ಕಾರಣ ಬೇಕಿಲ್ಲ, ತಿಳಿವಳಿಕೆ ಸಾಕು. ಅಷ್ಟೇ ಅಲ್ಲ, ಆರೋಪಿಗೆ ಆಕೆಯ ಅಥವಾ ಆಕೆಯ ಮನೆಯವರ ಪರಿಚಯ ಇದ್ದರೆ ಜಾತಿ ಗೊತ್ತಿತ್ತೆಂದೇ ಕೋರ್ಟು ಭಾವಿಸಬೇಕು, ಇಲ್ಲವೆಂದು ಆತನೇ ಸಾಬೀತು ಮಾಡಬೇಕು ಎನ್ನುತ್ತದೆ 8ನೇ ಕಲಮಿಗೆ ಸೇರಿಸಿದ ಭಾಗ.

ಹಾಗಾದರೆ ನಮ್ಮನ್ನು ಎದ್ದು ನಿಲ್ಲಿಸಿದ ಆ ದಾಖಲಾತಿ ಪುಸ್ತಕ ಏನಾಯಿತು? ಸಾಕ್ಷ್ಯವಾಯಿತು. ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಿದ ಅಧ್ಯಾಪಕ, ಹಾಸ್ಟೆಲ್ ಪಟ್ಟಿ ಮಾಡಿದ ವಾರ್ಡನ್, ಇವರು ಯಾರೂ "ನನಗೆ ಅವಳ ಜಾತಿ ಗೊತ್ತಿರಲಿಲ್ಲ" ಅನ್ನುವಂತಿಲ್ಲ. ಶಾಲಾ ಕಾಲೇಜಿನ ದೂರಿನಲ್ಲಿ ಕಾನೂನು ನೆರವು ಎಂದರೆ ಮೊದಲಿಗೆ ಇದು: ಮೊದಲ ಕಾಗದದಲ್ಲೇ ಜಾತಿ ಬರೆಸುವುದು, ದಾಖಲಾತಿ ಸಂಖ್ಯೆ ಹಾಕಿಸುವುದು, ಆಡಿದ ಮಾತನ್ನು ಆಡಿದಂತೆಯೇ ಇಡುವುದು, ಸ್ವೀಕೃತಿಯ ಮೊಹರು ಪಡೆಯುವುದು. ಮೊದಲ ಹೇಳಿಕೆಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದರೆ, ವಕೀಲರು ಹೇಳಿಕೊಟ್ಟದ್ದು ಎಂದು ಎದುರಿನವರು ಹೇಳುತ್ತಾರೆ.

ವಕೀಲರ ಮಾತು ಬಂತು. 2013ರ ಕಾಯ್ದೆಯ ನಿಯಮಗಳ ಪ್ರಕಾರ ಸಮಿತಿಯ ವಿಚಾರಣೆಗೆ ಇಬ್ಬರೂ ವಕೀಲರನ್ನು ಕರೆತರುವಂತಿಲ್ಲ. ಕೋಣೆ ಕೋರ್ಟಿನಂತಾಗಬಾರದು, ಹೆಣ್ಣುಮಗಳು ಅಡ್ಡ ಸವಾಲಿಗೆ ಬೆದರಬಾರದು ಎಂಬ ಒಳ್ಳೆಯ ಉದ್ದೇಶ ಇರಬಹುದು. ಆದರೆ ನಮ್ಮ ತಾಲ್ಲೂಕುಗಳ ಕಾಲೇಜಿನಲ್ಲಿ ಇದರ ಫಲ ಬೇರೆ. ಅಧ್ಯಾಪಕನ ಉತ್ತರವನ್ನು ಮೈಸೂರಿನ ವಕೀಲರು ಮನೆಯಲ್ಲೇ ಕೂತು ಬರೆದುಕೊಡುತ್ತಾರೆ, ಸಹಿ ಮಾತ್ರ ಆತನದು. ಹುಡುಗಿಯ ಕಾಗದವನ್ನು ಅವಳ ಗೆಳತಿ ಬರೆದಿರುತ್ತಾಳೆ. ಕೋಣೆಯಲ್ಲಿ ಸಮಾನತೆ, ಕಾಗದದಲ್ಲಿ ಅಜಗಜಾಂತರ. ನೆರವು ನಡೆಯಬೇಕಾದ್ದು ಆ ಕೋಣೆಯ ಹೊರಗೆ, ಅದಕ್ಕಿಂತ ಮುಂಚೆ. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟರಿಗೂ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕೆನ್ನುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಬಹುದು. ಅಮ್ಮ ಹೊಗೆಸೊಪ್ಪಿನ ಕೂಲಿಗೆ ಹೋಗುವ ಮನೆಯಲ್ಲಿ ಈ ಸಂಖ್ಯೆ ಯಾರಿಗೆ ಗೊತ್ತು? ದೌರ್ಜನ್ಯ ಕಾಯ್ದೆಗೆ 2015ರಲ್ಲಿ ಸೇರಿದ 15ಎ ಕಲಮಂತೂ ಸಂಘಟನೆಗಳ, ಸಮಾಜ ಕಾರ್ಯಕರ್ತರ, ವಕೀಲರ ನೆರವು ಪಡೆಯುವುದು ನೊಂದವರ ಹಕ್ಕು ಎಂದೇ ಬರೆದಿದೆ. ಜಾಮೀನು ಅರ್ಜಿಯ ವೇಳೆ ಆಕೆಯ ಮಾತು ಕೇಳಬೇಕು, ತನಿಖೆ ಮತ್ತು ವಿಚಾರಣೆಯ ಕಾಲದಲ್ಲಿ ಓಡಾಟದ ಖರ್ಚು ಕೊಡಬೇಕು ಎಂಬುದೂ ಅದರಲ್ಲಿದೆ. "ಕಾಲೇಜಿನ ವಿಚಾರಣೆ ಮುಗೀಲಿ, ಆಮೇಲೆ ಬನ್ನಿ" ಎಂದು ಠಾಣೆಯಲ್ಲಿ ಹೇಳಿದರೆ, ದೌರ್ಜನ್ಯ ಕಾಯ್ದೆಯಡಿ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರಲ್ಲಿ ಸಂಸತ್ತು ಸೇರಿಸಿದ 18ಎ ಕಲಮನ್ನು ತೋರಿಸಬೇಕು.

ಹದಿನೆಂಟು ತುಂಬದವರ ವಿಷಯ ಬೇರೆ. ಪಿ.ಯು. ಹುಡುಗಿಯರಲ್ಲಿ ಹೆಚ್ಚಿನವರು, ಎಚ್.ಡಿ. ಕೋಟೆ, ಹುಣಸೂರಿನ ಆಶ್ರಮ ಶಾಲೆಗಳ ಜೇನುಕುರುಬರ ಮಕ್ಕಳು ಎಲ್ಲರೂ ಪೋಕ್ಸೋ ಒಳಗೆ ಬರುತ್ತಾರೆ. ಅಲ್ಲಿ ಹೆಡ್‌ಮಾಸ್ಟರ ಕೋಣೆಯ ರಾಜಿ ಪಂಚಾಯಿತಿಗೆ ಜಾಗವೇ ಇಲ್ಲ. ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ, ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಚಿತ್ರದುರ್ಗದ ಮುರುಘಾ ಮಠದ ಪ್ರಕರಣವನ್ನು ಇಲ್ಲಿ ನೆನೆಯದೆ ಇರಲಾಗದು. ಮಠದ ಹಾಸ್ಟೆಲಿನಲ್ಲಿ ಓದುತ್ತಿದ್ದ ಇಬ್ಬರು ಹುಡುಗಿಯರು 2022ರ ಆಗಸ್ಟಿನಲ್ಲಿ ಮೈಸೂರಿನ ಒಡನಾಡಿ ಸೇವಾ ಸಂಸ್ಥೆಗೆ ಬಂದರು. ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ ಪೀಠಾಧ್ಯಕ್ಷ ಶಿವಮೂರ್ತಿ ಮುರುಘಾ ಶರಣರ ಮೇಲೆ ದೂರು ದಾಖಲಾಗಿ, ಚಿತ್ರದುರ್ಗಕ್ಕೆ ವರ್ಗವಾಯಿತು. ಸೆಪ್ಟೆಂಬರ್ 1ರಂದು ಬಂಧನವಾಯಿತು. ಹುಡುಗಿಯರಲ್ಲಿ ಒಬ್ಬಳು ದಲಿತಳಾದ್ದರಿಂದ ದೌರ್ಜನ್ಯ ಕಾಯ್ದೆಯೂ ಸೇರಿತು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಆ ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿದೆ. ತೀರ್ಪಿನ ಸರಿತಪ್ಪು ಹೇಳಲು ನಾನು ಇದನ್ನು ಎತ್ತಿಲ್ಲ. ನನ್ನನ್ನು ಕಾಡುವುದು ಆ ದೂರದ ಪ್ರಶ್ನೆ. ಒಂದು ದೂರು ಕೊಡಲು ಮಕ್ಕಳು 200 ಕಿಲೋಮೀಟರಿಗೂ ಹೆಚ್ಚು ದೂರದ ಊರು ಸೇರಬೇಕಾಯಿತು. ಆ ಮಠ ದಲಿತ ಹಿಂದುಳಿದ ಜಾತಿಗಳ ಸ್ವಾಮಿಗಳಿಗೆ ದೀಕ್ಷೆ ಕೊಟ್ಟು ಪ್ರಗತಿಪರವೆಂದು ಹೆಸರು ಪಡೆದದ್ದು. ನಮ್ಮ ಅನೇಕ ಬರಹಗಾರರು ಅದರ ವೇದಿಕೆ ಹತ್ತಿದವರು. ದೂರು ಬಂದಾಗ ನಮ್ಮಲ್ಲಿ ಎಷ್ಟು ಜನ, ನಿಜವೋ ಸುಳ್ಳೋ ಆಮೇಲೆ ನೋಡೋಣ, ಮೊದಲು ಆ ಮಕ್ಕಳು ನಿರ್ಭಯವಾಗಿ ಮಾತಾಡುವಂತಾಗಲಿ ಎಂದರು?

ಇದು ನಮ್ಮ ಚಳವಳಿಗೂ ಕೇಳಬೇಕಾದ ಪ್ರಶ್ನೆ. ನಮ್ಮ ವಿಮರ್ಶೆ 'ಊರುಕೇರಿ', 'ಗೌರ್ಮೆಂಟ್ ಬ್ರಾಹ್ಮಣ'ಗಳಲ್ಲಿ ಶಾಲೆ ಹಾಸ್ಟೆಲುಗಳ ಅವಮಾನವನ್ನು ಎಷ್ಟೋ ಸಲ ಓದಿದೆ. ಆ ಶಾಲೆ ಹಾಸ್ಟೆಲುಗಳು ಗಂಡುಮಕ್ಕಳ ನೆನಪಿನವು. ಹುಡುಗಿಯರ ಹಾಸ್ಟೆಲಿನ ಆತ್ಮಕಥನ ಬಹಳ ಸಲ ಒಂದು ಪುಟದ ಅರ್ಜಿಯಾಗಿ ಯಾವುದೋ ಕಡತದಲ್ಲಿ ಬಿದ್ದಿದೆ. ಅದನ್ನು ಓದುವ ವಿಮರ್ಶೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ನನ್ನ ವಿದ್ಯಾರ್ಥಿನಿಯ ಮನೆಗೆ ಹೋದಾಗ ಕೇರಿಯ ಹಿರಿಯರೊಬ್ಬರು, ಒಂದು ಕಾಲದಲ್ಲಿ ನೀಲಿ ಬಾವುಟ ಹಿಡಿದು ಊರೂರು ತಿರುಗಿದವರು, "ಕೇರಿ ಹೆಣ್ಮಗು ಹೆಸ್ರು ಪೇಪರ್‌ಗೆ ಬರೋದು ಬ್ಯಾಡ ಕಣವ್ವ" ಅಂದರು. ಅತ್ಯಾಚಾರದ ದೂರಿನಲ್ಲಿ ಹೆಸರು ಅಚ್ಚು ಹಾಕುವುದೇ 1983ರಿಂದ ಅಪರಾಧ, ಇಂಥ ಕಿರುಕುಳದ ದೂರಿನಲ್ಲೂ 2013ರ ಕಾಯ್ದೆ ಅದನ್ನು ನಿಷೇಧಿಸುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. "ನೀನೇ ಮುಂದ್ ನಿಂತ್ಕಂಡು ಮಾಡ್ಸವ್ವ ಹಂಗಾರೆ" ಅಂತ ಎದ್ದುಹೋದರು. ಅವಳ ಅವ್ವ ಮಾತ್ರ ಬಾಗಿಲಲ್ಲಿ ನಿಂತು, "ಓದು ನಿಂತೋಗ್‌ಬಾರ್ದು ಮೇಡಮ್ಮ, ಅಷ್ಟೇಯ," ಅಂದಳು.

ದೂರನ್ನು ಹೊಸದಾಗಿ ಬರೆದೆವು, ಜಾತಿ ಬರೆದೆವು, ದಾಖಲಾತಿ ಸಂಖ್ಯೆ ಹಾಕಿದೆವು. ಸ್ವೀಕೃತಿಗೆ ಎರಡು ದಿನ ಅಲೆದೆವು. ಠಾಣೆಗೂ ಹೋಗೋಣ ಅಂದೆ, ಅವಳು ಸದ್ಯಕ್ಕೆ ಬೇಡ ಅಂದಳು. ಅದು ಅವಳ ನಿರ್ಧಾರ. 90 ದಿನದಲ್ಲಿ ಮುಗಿಯಬೇಕಾದ ವಿಚಾರಣೆ ಆ ಗಡುವು ದಾಟಿತು. ವರದಿಯಲ್ಲಿ ಅಧ್ಯಾಪಕನಿಗೆ ಎಚ್ಚರಿಕೆ ಎಂದಿತ್ತು, ಜಾತಿಯ ಮಾತಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಷ್ಟರಲ್ಲಿ ಹುಡುಗಿ ಬೇರೆ ಕಾಲೇಜಿಗೆ ಸೇರಲು ಟಿ.ಸಿ. ಪಡೆದಿದ್ದಳು. ಜಾತಿಯ ಕಾಲಂ ತುಂಬಿತ್ತು. ಬಿಟ್ಟ ಕಾರಣ ಎಂಬಲ್ಲಿ 'ಸ್ವಂತ ಕೋರಿಕೆ' ಎಂದು ಬರೆದಿದ್ದರು. ಮೇಲ್ಮನವಿಗೆ 30 ದಿನ ಇತ್ತು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೊಟ್ಟ ವಕೀಲೆಯೊಬ್ಬರ ಜೊತೆ ಕೂತು ಅದನ್ನು ಬರೆದೆವು, ಟಿ.ಸಿ.ಯ ನಕಲನ್ನು ಅದಕ್ಕೆ ಲಗತ್ತಿಸಿದೆವು.