ಬಾಡಿಗೆ ಮನೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಹೊಸಪೇಟೆ: ಸಾಲ ಮಾಡಿ ಮೇಲೊಂದು ಮಹಡಿ ಎಬ್ಬಿಸಿ, ‘ಮನೆ ಬಾಡಿಗೆಗಿದೆ’ ಅಂತ ಬೋರ್ಡ್ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳೋರೇ ಜಾಸ್ತಿ. ನಿಜವಾದ ಕೆಲಸ ಶುರುವಾಗೋದೇ ಅಲ್ಲಿಂದ. ಮನೆ ಎರಡು ತಿಂಗಳು ಖಾಲಿ ಬಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಅವಸರದಲ್ಲಿ ಯಾರಿಗೋ ಕೊಟ್ಟರೆ ಬಾಡಿಗೆಯೂ ಇಲ್ಲ, ಮನೆಯೂ ಇಲ್ಲ ಅನ್ನೋ ಸ್ಥಿತಿ ಬರಬಹುದು. ನಮ್ಮ ಭಾಗದ ಮಾಲೀಕರಿಗೂ ಬಾಡಿಗೆದಾರರಿಗೂ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಊರಿಗೊಂದು ಲೆಕ್ಕ

ಹೊಸಪೇಟೆ: 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ ನಗರ ಜಿಲ್ಲಾ ಕೇಂದ್ರವಾಯಿತು. ವರ್ಗವಾಗಿ ಬರುವ ನೌಕರರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಓಡಾಡುವವರು ಇಲ್ಲಿ ಮನೆ ಹುಡುಕುತ್ತಾರೆ. ಪಟೇಲ್ ನಗರ, ಎಂ.ಜೆ. ನಗರದಂಥ ಕಡೆ ಬಾಡಿಗೆದಾರರು ಮೊದಲು ಕೇಳೋದು ನೀರು ಮತ್ತು ಗಾಡಿ ನಿಲ್ಲಿಸಲು ಜಾಗ. ಮಕ್ಕಳ ಶಾಲೆ ನೋಡಿಕೊಂಡು ಮನೆ ಬದಲಿಸುವುದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ವಿಚಾರಣೆ ಹೆಚ್ಚು. ಆ ಹೊತ್ತಿಗೆ ಸುಣ್ಣ-ಬಣ್ಣ ಮುಗಿಸಿ ಮನೆ ಸಿದ್ಧ ಇಟ್ಟವರಿಗೆ ಅನುಕೂಲ.

ಸಂಡೂರು: ಇಲ್ಲಿ ಬಾಡಿಗೆ ಏರೋದೂ ಇಳಿಯೋದೂ ಗಣಿಯ ಜೊತೆಗೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ, ಗಣಿ ಮತ್ತು ಲಾರಿ ನಂಬಿ ಬದುಕುತ್ತಿದ್ದವರ ಆದಾಯವೇ ನಿಂತಿತು. ಒಂದೇ ಕಂಪನಿ, ಒಂದೇ ಗುತ್ತಿಗೆದಾರನನ್ನು ನಂಬಿ ಸಾಲ ಮಾಡಿ ನಾಲ್ಕಾರು ಮನೆ ಕಟ್ಟುವ ಮುನ್ನ ಇದನ್ನು ನೆನಪಿಡಬೇಕು. ಗುತ್ತಿಗೆದಾರರು ಕಾರ್ಮಿಕರಿಗಾಗಿ ಮನೆ ಪಡೆದರೆ ಎಷ್ಟು ಮಂದಿ ಇರುತ್ತಾರೆ ಅನ್ನೋದು ಕರಾರಿನಲ್ಲೇ ಇರಲಿ.

ಕಂಪ್ಲಿ: ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಕೋಟೆ ಪ್ರದೇಶದ ತಗ್ಗಿನ ಮನೆಗಳಿಗೂ ನೀರು ನುಗ್ಗುತ್ತದೆ. ಹಿಂದೆ ನೀರು ಬಂದಿದ್ದರೆ ಅದನ್ನು ಬಾಡಿಗೆದಾರರಿಗೆ ಮೊದಲೇ ಹೇಳೋದು ಒಳ್ಳೆಯದು. ಮುಚ್ಚಿಟ್ಟರೆ ಮೊದಲ ಪ್ರವಾಹಕ್ಕೇ ಮನೆ ಖಾಲಿಯಾಗಿ, ಅಡ್ವಾನ್ಸ್ ಜಗಳ ಶುರುವಾಗುತ್ತದೆ.

ಹಂಪಿ: ಇಲ್ಲಿನ ಕಥೆಯೇ ಬೇರೆ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಪ್ರದೇಶದಲ್ಲಿ ಮನೆ ಕಟ್ಟಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮ ಪಾಲಿಸಬೇಕು. ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. 2011ರಲ್ಲಿ ಹಂಪಿ ಬಜಾರಿನ ತೆರವು, 2020ರಲ್ಲಿ ನದಿಯಾಚೆ ವಿರೂಪಾಪುರ ಗಡ್ಡೆಯ ಕಟ್ಟಡಗಳ ತೆರವು ಎರಡನ್ನೂ ಜನ ಕಣ್ಣಾರೆ ಕಂಡಿದ್ದಾರೆ. ಅನುಮತಿ ಇಲ್ಲದ ಕೋಣೆಗೆ ಹಾಕಿದ ಹಣ ಒಂದೇ ದಿನದಲ್ಲಿ ಮಣ್ಣಾಗಬಹುದು. ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವುದಾದರೆ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಮಾಡಿಸಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ವರ್ಷವಿಡೀ ಬಾಡಿಗೆ ಬೇಕೆನ್ನುವವರಿಗೆ ಕಮಲಾಪುರದ ಕಡೆ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಸಿಬ್ಬಂದಿ ಸಿಗುತ್ತಾರೆ.

ಕರಾರು ಪತ್ರ ಯಾಕೆ 11 ತಿಂಗಳು?

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಅದಕ್ಕೇ 11 ತಿಂಗಳ ರೂಢಿ. ಬಾಡಿಗೆ, ಅಡ್ವಾನ್ಸ್, ನೀರು-ಕರೆಂಟ್ ಬಿಲ್ ಯಾರದ್ದು, ಖಾಲಿ ಮಾಡಲು ಎಷ್ಟು ದಿನ ಮುಂಚೆ ಹೇಳಬೇಕು, ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬುದೆಲ್ಲ ಬರಹದಲ್ಲಿರಲಿ. ಕೀ ಕೊಡುವ ದಿನ ಮನೆಯ ಗೋಡೆ, ನಲ್ಲಿ, ಮೀಟರ್ ಫೋಟೊ ತೆಗೆದು ಇಬ್ಬರ ಮೊಬೈಲ್‌ನಲ್ಲೂ ಇಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಆಧಾರ್ ಪ್ರತಿ ಪಡೆದು, ಹತ್ತಿರದ ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವುದು ಇಬ್ಬರಿಗೂ ಕ್ಷೇಮ.

ಲೀಸ್ ಹಣ ಜೋಪಾನ

ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವ ಲೀಸ್ ಅಥವಾ ಭೋಗ್ಯದಲ್ಲಿ ಅಪಾಯ ಹೆಚ್ಚು ಬಾಡಿಗೆದಾರರಿಗೆ. ಮಾಲೀಕರು ಆ ಹಣವನ್ನು ಬೇರೆಡೆ ಹಾಕಿ ಸಮಯಕ್ಕೆ ವಾಪಸ್ ಕೊಡಲಾಗದಿದ್ದರೆ ಜೀವಮಾನದ ಉಳಿತಾಯವೇ ಸಿಕ್ಕಿಬೀಳುತ್ತದೆ. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಬೇಕು, ಹಣ ಬ್ಯಾಂಕ್ ಮೂಲಕವೇ ಕೊಡಬೇಕು, ಪತ್ರ ನೋಂದಣಿ ಮಾಡಿಸಬೇಕು. ಮಾಲೀಕರು ಕೂಡ ಇದು ವಾಪಸ್ ಕೊಡಬೇಕಾದ ಸಾಲ ಅನ್ನೋದನ್ನು ಮರೆಯಬಾರದು.

ಗೃಹಜ್ಯೋತಿ ತೊಡಕು

ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಳೆಯ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಮನೆಯ ಆರ್‌ಆರ್ ನಂಬರ್‌ನಿಂದ ತೆಗೆಸದೆ ಹೋದರೆ, ಹೊಸಬರ ಅರ್ಜಿಗೂ, ಅವರು ಹೋದ ಕಡೆಯ ಅರ್ಜಿಗೂ ತೊಡಕು. ಅಡ್ವಾನ್ಸ್ ವಾಪಸ್ ಕೊಡುವ ಮುನ್ನ ಇದನ್ನೂ, ಜೆಸ್ಕಾಂ ಬಾಕಿಯನ್ನೂ ನೋಡಿಕೊಳ್ಳಬೇಕು.

ಮನೆ ಖಾಲಿ ಬಿದ್ದಿದ್ದರೆ

ಬೋರ್ಡ್‌ನಲ್ಲಿ ಬರೀ ಫೋನ್ ನಂಬರ್ ಬರೆದರೆ ಸಾಲದು. ಎಷ್ಟು ಕೋಣೆ, ಎಷ್ಟನೇ ಮಹಡಿ, ಬಾಡಿಗೆ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಬರೆದರೆ ಬೇಡದ ಕರೆ ಕಡಿಮೆಯಾಗುತ್ತವೆ. ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಹಾಕಬೇಕು. ಬ್ರೋಕರ್ ಕಮಿಷನ್ ಯಾರು ಕೊಡಬೇಕು ಅನ್ನೋದು ಮನೆ ತೋರಿಸುವ ಮುಂಚೆಯೇ ತೀರ್ಮಾನವಾಗಲಿ. 500 ರೂಪಾಯಿ ಬಾಡಿಗೆಗೆ ಹಟ ಹಿಡಿದು, 8,000 ರೂಪಾಯಿಯ ಮನೆಯನ್ನು ಎರಡು ತಿಂಗಳು ಖಾಲಿ ಬಿಟ್ಟರೆ 16,000 ಹೋಯಿತು. ಅದನ್ನು ತುಂಬಲು 32 ತಿಂಗಳು ಬೇಕು.

ಬಾಡಿಗೆ ಕೊಡದಿದ್ದರೆ

ಬೀಗ ಹಾಕೋದು, ನೀರು-ಕರೆಂಟ್ ಕಡಿಯೋದು ಕಾನೂನಿನ ದಾರಿಯಲ್ಲ. ಅದರಿಂದ ಮಾಲೀಕರೇ ಪ್ರಕರಣ ಎದುರಿಸಬೇಕಾದೀತು. ತಿಂಗಳ ಬಾಡಿಗೆಯಾಗಿದ್ದು ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ದರೆ ನ್ಯಾಯಾಲಯವೇ ಗತಿ. ಅಲ್ಲಿ ಕೆಲಸಕ್ಕೆ ಬರೋದು ಬಾಯಿಮಾತಲ್ಲ, ಕರಾರು ಪತ್ರ ಮತ್ತು ಬ್ಯಾಂಕ್ ಖಾತೆಗೆ ಬಂದ ಬಾಡಿಗೆಯ ದಾಖಲೆ.